ಜೀರೋ ಬಲ್ಬಿಗೆ ಮೀಟರ್ ಓಡುತ್ತದೆಯೇ?

ಕಳೆದ ವಾರ ನಮ್ಮ ದೇವರ ಗೂಡಿನ ಕೆಂಪು ಬಲ್ಬು ಸುಟ್ಟುಹೋಯಿತು. ಬೇರೆ ಬಲ್ಬುಗಳು ಹೋಗುವಾಗ ಒಂದು ಸಲ ಫಳ್ಳೆಂದು ಮಿಂಚಿ, ಮನೆಯವರನ್ನೆಲ್ಲ ಬೆಚ್ಚಿಬೀಳಿಸಿ ಹೋಗುತ್ತವೆ. ಇದು ಹಾಗಲ್ಲ. ಬೀಳ್ಕೊಡುಗೆ ಸಮಾರಂಭ ಬೇಡವೆಂದು ಹಿಂದಿನ ಬಾಗಿಲಿನಿಂದ ಹೊರಟುಹೋಗುವ ಗುಮಾಸ್ತನ ಹಾಗೆ ಸದ್ದಿಲ್ಲದೆ ಹೋಯಿತು. ಬೆಳಿಗ್ಗೆ ಅಡಿಗೆಮನೆಗೆ ಹೋದ ಅಮ್ಮ, "ರಘು, ದೇವರು ಕತ್ತಲಲ್ಲಿದ್ದಾನೆ ಕಣೋ" ಎಂದರು.

ದೆಹಲಿಯ ಪೀತಮ್‌ಪುರದ ನಮ್ಮ ಮಾರ್ಕೆಟ್ಟಿನಲ್ಲಿ ಎಲೆಕ್ಟ್ರಿಕ್ ಅಂಗಡಿಗಳಿಗೆ ಬರವಿಲ್ಲ. ಆದರೆ ಜೀರೋ ಬಲ್ಬು ಕೇಳಿದರೆ ಅಂಗಡಿಯವನು ನನ್ನನ್ನು ಮ್ಯೂಸಿಯಮ್ಮಿನಿಂದ ಬಂದವನಂತೆ ನೋಡಿದ. "ಸಾಬ್, ಜೀರೋ ವಾಟ್ ಅಬ್ ಕೌನ್ ಲೇತಾ ಹೈ? ಸಿಎಫ್ಎಲ್ ಲೇ ಜಾಯಿಯೇ." ಈಗ ಅದನ್ನು ಯಾರೂ ಕೊಳ್ಳುವುದಿಲ್ಲ, ಸಿಎಫ್ಎಲ್ ಒಯ್ಯಿರಿ ಎಂದು ಅವನ ಸಲಹೆ. ನಾನು ಹಟ ಹಿಡಿದೆ. ಅವನು ಕೌಂಟರಿನ ಕೆಳಗೆ ತಲೆ ತೂರಿಸಿ, ಧೂಳು ಹಿಡಿದ ಒಂದು ಪೆಟ್ಟಿಗೆಯನ್ನು ಊದಿ ಕೊಟ್ಟ. ಮೇಲೆ ದಪ್ಪ ಅಕ್ಷರದಲ್ಲಿ ಜೀರೋ ಎಂದಿತ್ತು. ತಿರುಗಿಸಿ ನೋಡಿದರೆ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಹದಿನೈದು ವಾಟ್ ಎಂದಿತ್ತು.

ಇದು ನನಗೆ ಗೊತ್ತಿದ್ದ ಸಂಗತಿಯೇ. ಸಾವಿರ ವಾಟಿನ ಯಾವುದಾದರೂ ಉಪಕರಣ ಒಂದು ಗಂಟೆ ಉರಿದರೆ ಒಂದು ಯೂನಿಟ್. ಹಾಗಾಗಿ ಈ ಸೊನ್ನೆ ಎನ್ನಿಸಿಕೊಂಡ ಬಲ್ಬು ಹಗಲೂ ರಾತ್ರಿ ಉರಿದು ಒಂದು ಯೂನಿಟ್ ತಿನ್ನಲು ಹೆಚ್ಚುಕಡಿಮೆ ಮೂರು ದಿನ ಬೇಕು. ಅಷ್ಟನ್ನೇ ಬಚ್ಚಲುಮನೆಯ ಗೀಸರು ಅರ್ಧ ಗಂಟೆಯಲ್ಲಿ ನುಂಗಿ ನೀರು ಕುಡಿಯುತ್ತದೆ. ಈ ಲೆಕ್ಕವನ್ನು ಒಂದು ಚಳಿಗಾಲದಲ್ಲಿ ನನ್ನ ಹೆಂಡತಿ ಸುಮಾಳಿಗೆ ವಿವರಿಸಿದ್ದೆ. "ಹಾಗಾದ್ರೆ ನಾಳೆಯಿಂದ ನೀವು ಜೀರೋ ಬಲ್ಬಿನಲ್ಲೇ ನೀರು ಕಾಯಿಸ್ಕೊಂಡು ಸ್ನಾನ ಮಾಡಿ" ಎಂದಳು. ಅವಳು ಶಾಲೆಯಲ್ಲಿ ಪಾಠ ಮಾಡುವವಳು. ಮನೆಯಲ್ಲಿ ಪಾಠ ಕೇಳುವುದಿಲ್ಲ.

ಬಲ್ಬು ಹಾಕಿ ಸ್ವಿಚ್ಚು ಒತ್ತಿದಾಗ ಅಮ್ಮ ಎರಡೂ ಕೈ ಜೋಡಿಸಿದರು. ನಿಮ್ಮ ಮನೆಯಲ್ಲೂ ಹಿರಿಯರು ಹೀಗೆ ಮಾಡುತ್ತಿದ್ದಿರಬಹುದು. ಮುಸ್ಸಂಜೆ ದೀಪ ಹಾಕಿದ ಕೂಡಲೇ ಬಲ್ಬಿಗೋ ಟ್ಯೂಬ್‌ಲೈಟಿಗೋ ಒಂದು ನಮಸ್ಕಾರ. ನಮ್ಮೂರು ಚಿತ್ರದುರ್ಗದಲ್ಲಿ ಅದು ದಿನಕ್ಕೊಂದು ಸಲದ ಕೆಲಸವಾಗಿತ್ತು. ದೆಹಲಿಯ ಬೇಸಿಗೆಯಲ್ಲಿ ಕರೆಂಟು ಎಷ್ಟು ಸಲ ಹೋಗಿ ಬರುತ್ತದೋ ಅಷ್ಟು ಸಲ ಅಮ್ಮನ ಕೈ ಜೋಡುತ್ತದೆ. ಇದನ್ನು ನೋಡಿ ನೋಡಿ ನನ್ನ ಚಿಕ್ಕ ಮಗಳು ಪುಟ್ಟಿ ಕರೆಂಟು ಬಂದಾಗಲೆಲ್ಲ "ಆ ಗಯೀ!" ಎಂದು ಕಿರುಚಿ, ತಿರುಗುವ ಫ್ಯಾನಿಗೂ ಕೈ ಮುಗಿಯುತ್ತಾಳೆ. ನನ್ನ ತಕರಾರಿಲ್ಲ. ಜೂನ್ ತಿಂಗಳಲ್ಲಿ ಫ್ಯಾನಿಗಿಂತ ಪ್ರತ್ಯಕ್ಷವಾದ ದೇವರು ಇಲ್ಲಿ ಯಾರಿದ್ದಾರೆ?

ಆ ಕೆಂಪು ಬೆಳಕು ಹಳೆಯ ಅಲ್ಯುಮಿನಿಯಂ ಡಬ್ಬಿಗಳ ಮೇಲೆ ಹರಡಿದಾಗ ನನಗೆ ಕೆಲವು ವರ್ಷಗಳ ಹಿಂದಿನ ಒಂದು ಶನಿವಾರ ನೆನಪಾಯಿತು. ಅದನ್ನು ಹೇಳುವ ಮೊದಲು ನನ್ನ ನೆನಪಿನ ಯೋಗ್ಯತೆಯ ಬಗ್ಗೆ ನಿಮಗೆ ಹೇಳಿಬಿಡುವುದು ಒಳ್ಳೆಯದು. ನಾನು ಅದನ್ನು ನಂಬುವುದಿಲ್ಲ.

ಕಾರಣವಿದೆ. ನನ್ನ ಪ್ರೈಮರಿ ಶಾಲೆಯ ಅಂಗಳದಲ್ಲಿ ಒಂದು ಹುಣಸೆ ಮರವಿತ್ತು. ಅದರ ನೆರಳಿನಲ್ಲಿ ಕೂತು ಎಳೆ ಹುಣಸೆಕಾಯಿಯನ್ನು ಉಪ್ಪಿಗೆ ಅದ್ದಿ ತಿಂದ ರುಚಿ ಈಗಲೂ ನಾಲಗೆಯ ಅಂಚಿನಲ್ಲಿದೆ. ದೊಡ್ಡವನಾದ ಮೇಲೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಮರ ಕಾಣಲಿಲ್ಲ. ಯಾವಾಗ ಕಡಿದರೆಂದು ಹಳೆಯ ಜವಾನನನ್ನು ದುಃಖದಿಂದ ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿ, "ಇಲ್ಲಿ ಮರ ಯಾವತ್ತೂ ಇರ್ಲಿಲ್ಲ ಸ್ವಾಮಿ. ಬಾವುಟದ ಕಂಬ ಇತ್ತು" ಎಂದ. ಕಂಬದ ನೆರಳಿನಲ್ಲಿ ಕೂತು ಹುಣಸೆಕಾಯಿ ತಿಂದವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ನಮಗೆ ಕಲಿಸಿದ್ದು ಒಂದೇ: ಅಳೆಯದೆ ಏನನ್ನೂ ಒಪ್ಪಬೇಡ. ಭೌತಶಾಸ್ತ್ರಕ್ಕೂ ನನಗೂ ಇದ್ದ ಸಂಬಂಧ ಕೇಂದ್ರ ಸರಕಾರದ ಈ ಕೆಲಸ ಸಿಕ್ಕ ದಿನವೇ ಮುಗಿಯಿತು. ಸಂಶಯ ಮಾತ್ರ ಉಳಿಯಿತು. ತರಕಾರಿ ಭಯ್ಯಾನ ತಕ್ಕಡಿಯಿಂದ ಹಿಡಿದು ಕಚೇರಿಯ ಕಡತಗಳವರೆಗೆ ಎಲ್ಲವನ್ನೂ ಅನುಮಾನಿಸುತ್ತ ಬಂದಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಅನುಮಾನಿಸಿದ್ದು ನನ್ನನ್ನೇ.

ಆದರೂ ಒಂದು ನೆನಪನ್ನು ಮಾತ್ರ ಅನುಮಾನದ ಕೈಗೆ ಕೊಡದೆ ಬಹಳ ವರ್ಷ ಕಾಪಾಡಿಕೊಂಡಿದ್ದೆ.

ನಮ್ಮಪ್ಪ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದರು. ದಿನವಿಡೀ ಬೇರೆಯವರ ಜಗಳಗಳನ್ನು ಟೈಪು ಮಾಡಿ ಬಂದು, ಮನೆಯಲ್ಲಿ ಮಾತಿಗೇ ಬಿಡುವು ಕೊಟ್ಟುಬಿಡುತ್ತಿದ್ದರು. ಅವರು ಆಡುತ್ತಿದ್ದ ಮಾತುಗಳಲ್ಲಿ ಹೆಚ್ಚಿನವು ದೀಪಕ್ಕೆ ಸಂಬಂಧಿಸಿದವು. "ಹಜಾರದ ದೀಪ ಯಾಕೆ ಉರೀತಿದೆ?" "ಬಚ್ಚಲ ದೀಪ ಆರಿಸದೆ ಬಂದಿದ್ದು ಯಾರು?" ಊಟವಾದ ಮೇಲೆ ಮನೆಯ ಎಲ್ಲ ದೀಪಗಳೂ ಆರಬೇಕು. ದೇವರ ಗೂಡಿನ ಕೆಂಪು ಜೀರೋ ಬಲ್ಬಿಗೆ ಮಾತ್ರ ರಿಯಾಯಿತಿ. "ಅದಕ್ಕೆ ಮೀಟರ್ ಓಡಲ್ಲ" ಎನ್ನುತ್ತಿದ್ದರು. ಆ ಕೆಂಪು ಬೆಳಕಿನಲ್ಲಿ ಅಣ್ಣನೂ ನಾನೂ ಹಾಸಿಗೆಯ ಮೇಲೆ ಕೈಬೆರಳುಗಳಿಂದ ಗೋಡೆಯ ಮೇಲೆ ಜಿಂಕೆ, ನಾಯಿ ಮಾಡುತ್ತಿದ್ದೆವು. ಅಪ್ಪ ಕೆಮ್ಮಿದರೆ ಜಿಂಕೆ ನಾಯಿಗಳೆರಡೂ ಮುದುರಿ ಮಲಗಿಬಿಡುತ್ತಿದ್ದವು.

ನೆನಪು ಇಷ್ಟು. ಹಜಾರದ ಬಾಗಿಲ ಮೇಲೆ, ಬಹಳ ಎತ್ತರದಲ್ಲಿ, ಕಪ್ಪು ಡಬ್ಬಿಯ ಮೀಟರು. ಅಪ್ಪ ನನ್ನನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದಿದ್ದಾರೆ. ಅವರ ಬನಿಯನ್ನಿನ ಕಂಕುಳಲ್ಲಿ ಒಂದು ತೂತು; ಅದರ ಅಂಚಿನಲ್ಲಿ ಬಿಚ್ಚಿಕೊಂಡ ಒಂದೆಳೆ ದಾರ. ತುದಿಗಾಲಲ್ಲಿ ನಿಂತದ್ದರಿಂದ ಅವರ ಹಿಮ್ಮಡಿಗಳು ನೆಲ ಬಿಟ್ಟು ಮೇಲೆದ್ದಿವೆ. ಬಿರುಕು ಬಿಟ್ಟ ಹಿಮ್ಮಡಿಗಳು. "ನಿಂತಿದೆ, ನೋಡಿದೆಯಾ? ದೇವರ ದೀಪಕ್ಕೆ ಓಡಲ್ಲ" ಎನ್ನುತ್ತಾರೆ. ಧ್ವನಿಯಲ್ಲಿ ನಗು ಇದೆ. ಅಪ್ಪ ನಕ್ಕದ್ದು ನನಗೆ ಅದೊಂದೇ ಸಲ ಗೊತ್ತು. ಚಕ್ರ ಹೇಗಿತ್ತು ಎಂದು ಕೇಳಿದರೆ ಮಾತ್ರ ಏನೂ ನೆನಪಾಗುವುದಿಲ್ಲ. ಅಷ್ಟು ಎತ್ತರಕ್ಕೆ ಏರಿದ ಸಂಭ್ರಮದಲ್ಲಿ ಚಕ್ರವನ್ನು ಯಾರು ನೋಡುತ್ತಾರೆ ಎಂದುಕೊಂಡು ಸುಮ್ಮನಾಗಿದ್ದೆ.

ಅಪ್ಪನ ತಿಥಿಗೆ ಪ್ರತಿ ವರ್ಷ ಅಮ್ಮನನ್ನು ಕರೆದುಕೊಂಡು ದಾವಣಗೆರೆಗೆ ಹೋಗುತ್ತೇನೆ. ಅಣ್ಣ ಅಲ್ಲಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರು. ನನಗಿಂತ ಎರಡು ವರ್ಷ ದೊಡ್ಡವನು. ತಿಥಿಯನ್ನು ಅವನು ಒಂದು ಮಂತ್ರವನ್ನೂ ಬಿಡದೆ ಮಾಡುತ್ತಾನೆ, ಒಂದು ಹನಿ ಕಣ್ಣೀರನ್ನೂ ಹಾಕದೆ. ನಾನು ಹೇಳಹೊರಟ ಶನಿವಾರಕ್ಕೆ ಸ್ವಲ್ಪ ದಿನ ಮೊದಲೂ, ತಿಥಿಯ ಊಟವಾದ ಮೇಲೆ ವಾಡಿಕೆಯಂತೆ ನಾನು ಮೀಟರಿನ ಕಥೆ ತೆಗೆದೆ. ಆ ವರ್ಷ ಅಣ್ಣನಿಗೆ ತಡೆಯಲಾಗಲಿಲ್ಲ.

"ಲೋ ರಘು, ವರ್ಷವರ್ಷ ಇದೇ ಕಥೆ. ಅಪ್ಪ ಯಾರನ್ನೋ ಎತ್ತಿದ್ದು? ಅಪ್ಪ ನಮ್ಮನ್ನ ಮುಟ್ಟಿದ್ದು ಕಿವಿ ಹಿಂಡೋದಕ್ಕೆ ಮಾತ್ರ."

"ನನಗೆ ಚೆನ್ನಾಗಿ ನೆನಪಿದೆ ಅಣ್ಣ."

"ನಿನಗೆ ಹುಣಸೆ ಮರಾನೂ ಚೆನ್ನಾಗಿ ನೆನಪಿತ್ತು."

ನಾನು ಅಮ್ಮನ ಕಡೆ ತಿರುಗಿದೆ. "ಅಮ್ಮ, ಎತ್ತಿದ್ದರು ತಾನೇ?"

"ಹೂಂ ಕಣೋ, ಎತ್ತಿದ್ದರು" ಎಂದರು ಅಮ್ಮ, ಎಲೆಗೆ ಸುಣ್ಣ ಹಚ್ಚುತ್ತ.

"ಎಲ್ಲಿ ಎತ್ತಿದ್ದರಮ್ಮ?" ಎಂದ ಅಣ್ಣ.

"ಹೂಂನಪ್ಪ, ಅವರೆಲ್ಲಿ ಎತ್ತುತ್ತಿದ್ದರು" ಎಂದರು ಅಮ್ಮ. ಅಮ್ಮನ ಸಾಕ್ಷ್ಯ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ. ಕೇಳಿದವರ ಮುಖ ನೋಡಿ ಉತ್ತರ ಕೊಡುವುದು ಅವರ ಪದ್ಧತಿ; ಇಬ್ಬರು ಮಕ್ಕಳ ನಡುವೆ ಬದುಕಲು ಕಂಡುಕೊಂಡ ದಾರಿ.

ಅಣ್ಣ ಬಿಡಲಿಲ್ಲ. ಅವನು ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಎದ್ದವನಲ್ಲ. "ಬಲ್ಬು ಉರೀತಾ ಇದ್ದರೆ ಮೀಟರಿನ ಚಕ್ರ ತಿರುಗಲೇಬೇಕು. ನೀನು ಫಿಸಿಕ್ಸ್ ಓದಿದವನು, ನೀನೇ ಹೇಳು. ಚಕ್ರ ನಿಂತಿರಲ್ಲ. ನಿಂತಿಲ್ಲ ಅಂದಮೇಲೆ ಅಪ್ಪ ಹಾಗೆ ತೋರಿಸಿರಲ್ಲ. ತೋರಿಸಿಲ್ಲ ಅಂದಮೇಲೆ ನಿನ್ನನ್ನ ಎತ್ತೂ ಇರಲ್ಲ. ಮುಗೀತು."

ಆಮೇಲೆ ನನ್ನ ಮುಖ ನೋಡದೆ, "ನಿನಗಾದರೂ ಏನೋ ಒಂದು ಕಟ್ಟಿಕೊಳ್ಳೋಕೆ ಬಂತು. ನನಗೆ ಅದೂ ಬರಲ್ಲ" ಎಂದ.

ವಾದದಲ್ಲಿ ಸೋತದ್ದಕ್ಕೆ ನನಗೆ ಬೇಸರವಿರಲಿಲ್ಲ. ಆದರೆ ಆ ಕೊನೆಯ ಮಾತು ದೆಹಲಿಯ ರೈಲಿನಲ್ಲಿ ಉದ್ದಕ್ಕೂ ನನ್ನ ಜೊತೆ ಬಂತು. ಅಪ್ಪನ ಕೈ ಒಮ್ಮೆಯಾದರೂ ನಮ್ಮ ಮನೆಯಲ್ಲಿ ಮಗುವನ್ನು ಎತ್ತಿತ್ತೋ ಇಲ್ಲವೋ? ಮೇಲಿನ ಬರ್ತ್‌ನಲ್ಲಿ ಮಲಗಿಕೊಂಡೇ ತೀರ್ಮಾನಿಸಿದೆ. ಇದನ್ನು ನಾನು ಪರೀಕ್ಷೆ ಮಾಡಿಯೇ ತೀರುತ್ತೇನೆ.

ವಿಷಯ ಅಣ್ಣ ಹೇಳಿದಷ್ಟು ಸರಳವಲ್ಲ. ಚಕ್ರದ ಮೀಟರಿನೊಳಗೆ ಒಂದು ತೆಳು ಲೋಹದ ತಟ್ಟೆ ಇರುತ್ತದೆ. ಮನೆಯೊಳಗೆ ಕರೆಂಟು ಹರಿದಷ್ಟೂ ಅದು ಜೋರಾಗಿ ತಿರುಗುತ್ತದೆ. ಹೊಸದಾಗಿದ್ದಾಗ ಹದಿನೈದು ವಾಟಿಗೂ ತಿರುಗುತ್ತದೆ. ಆದರೆ ವರ್ಷಗಳು ಕಳೆದಂತೆ ಒಳಗೆ ಧೂಳು ಕೂರುತ್ತದೆ, ತಟ್ಟೆಯನ್ನು ಹೊತ್ತ ಮೊನೆ ಸವೆಯುತ್ತದೆ, ಮೀಟರಿಗೂ ಮಂಡಿ ನೋವು ಬರುತ್ತದೆ. ಆಗ ಇಷ್ಟು ಸಣ್ಣ ಕೆಲಸಕ್ಕೆ ಅದು ಏಳುವುದೇ ಇಲ್ಲ. ಸೊನ್ನೆ ಎಂಬ ಹೆಸರು ಬಂದದ್ದೂ ಹೀಗೇ ಎನ್ನುವವರಿದ್ದಾರೆ. ಚಿತ್ರದುರ್ಗದ ಮನೆಯಾಗಲಿ ಮೀಟರಾಗಲಿ ಈಗಿಲ್ಲ. ಆದರೆ ಪೀತಮ್‌ಪುರದ ನಮ್ಮ ಫ್ಲ್ಯಾಟಿನ ಹೊರಗೆ, ಮೆಟ್ಟಿಲ ತಿರುವಿನಲ್ಲಿ, ಬಾಗಿಲಿಗಿಂತ ಎತ್ತರದಲ್ಲಿ ಅದೇ ಜಾತಿಯ ಒಂದು ಮುದಿ ಮೀಟರಿತ್ತು. ಇದು ನಿಂತರೆ, ಚಿತ್ರದುರ್ಗದ್ದೂ ನಿಂತಿರಬಹುದು. ಅಪ್ಪನ ಮಾತಿಗೆ ಬದುಕಲು ಅಷ್ಟು ಜಾಗ ಸಾಕು.

ಸಮಯ ಹೆಚ್ಚಿರಲಿಲ್ಲ. ಆ ಬೇಸಿಗೆಯಲ್ಲಿ ದೆಹಲಿಯಲ್ಲೆಲ್ಲ ಚಕ್ರದ ಮೀಟರುಗಳನ್ನು ತೆಗೆದು ಎಲೆಕ್ಟ್ರಾನಿಕ್ ಮೀಟರು ಹಾಕುತ್ತಿದ್ದರು. ನಮ್ಮ ಬ್ಲಾಕಿಗೆ ಮುಂದಿನ ಶನಿವಾರ ಬರುತ್ತಾರೆಂದು ಮೆಟ್ಟಿಲ ಬಳಿ ಚೀಟಿ ಅಂಟಿಸಿದ್ದರು. ಕೆಳಗಿನ ಮನೆಯ ಅರೋರಾಜಿ ಅದನ್ನು ಓದಿ, "ನಯಾ ಮೀಟರ್ ಘೋಡೇ ಕೀ ತರಹ ಭಾಗತಾ ಹೈ, ರಾವ್ ಸಾಬ್" ಎಂದು ಹಳೆಯ ಮೀಟರನ್ನು ಪ್ರೀತಿಯಿಂದ ನೋಡಿದರು. ಅವರಿಗೆ ಹೊಸದು ಕುದುರೆಯಂತೆ ಓಡುವ ಭಯ. ನನಗೆ ಹಳೆಯದು ನಿಲ್ಲುತ್ತದೆಯೋ ಇಲ್ಲವೋ ಎಂಬ ಭಯ.

ಭಾನುವಾರ ಬೆಳಿಗ್ಗೆ ಮೊದಲ ಪ್ರಯತ್ನ. ಫ್ಯಾನು, ಕೂಲರು, ಟೀವಿ, ಫ್ರಿಜ್ಜು ಎಲ್ಲವನ್ನೂ ಆರಿಸಿ, ದೇವರ ಗೂಡಿನ ಬಲ್ಬು ಮಾತ್ರ ಉಳಿಸಬೇಕೆಂದು ಮನೆಯವರಿಗೆ ಆಜ್ಞೆ ಕೊಟ್ಟೆ.

"ಫ್ರಿಜ್ಜಲ್ಲಿ ಹಾಲಿದೆ ರೀ. ಹಿಟ್ಟಿದೆ. ಒಡೆದರೆ, ಹುಳಿಯಾದರೆ ನೀವೇ ಹೊಣೆ" ಎಂದಳು ಸುಮಾ.

"ಪಪ್ಪಾ, ಕೂಲರ್ ಕ್ಯೂಂ? ಇಟ್ಸ್ ಸೋ ಹಾಟ್!" ಎಂದಳು ದೊಡ್ಡ ಮಗಳು ನವ್ಯಾ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಸಿಟ್ಟು ಬಂದಾಗ ಮಾತ್ರ ಬಾಯಿಗೆ ಬರುವುದಿಲ್ಲ.

ಹೊರಗೆ ಬಂದು ಕತ್ತೆತ್ತಿದೆ. ಬೆಳ್ಳಿ ಬಣ್ಣದ ತಟ್ಟೆ, ಅದರ ಅಂಚಿನಲ್ಲೊಂದು ಕಪ್ಪು ಗುರುತು. ಗುರುತು ಮೆಲ್ಲಗೆ ಎಡದಿಂದ ಬಲಕ್ಕೆ ಹೋಗಿ ಮರೆಯಾಯಿತು. ಮತ್ತೆ ಬಂತು. ಮನಸ್ಸು ಕುಸಿಯಿತು. ಇನ್ನೊಂದು ಸಲ ಬಂದದ್ದು ಅಲ್ಲೇ ಗಾಜಿನ ನಡುವೆ ಗಕ್ಕನೆ ನಿಂತಿತು. "ನಿಂತಿತು! ಸುಮಾ, ನಿಂತಿತು!" ಎಂದು ನಾನು ಕೂಗಿದ್ದು ಮೂರೂ ಮಹಡಿಗೆ ಕೇಳಿಸಿರಬೇಕು. ಸುಮಾ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಕರೆಂಟ್ ಹೋಗಿದೆ ರೀ."

ಆ ದಿನ ಕರೆಂಟು ಬಂದದ್ದು ಸಂಜೆಗೆ. ಅಮ್ಮ ಕೈ ಮುಗಿದರು. ಪುಟ್ಟಿ ಕೈ ಮುಗಿದಳು. ನಾನು ಮುಗಿಯಲಿಲ್ಲ. ಹಾಲು ಒಡೆದಿತ್ತು.

ಉಳಿದದ್ದು ಶನಿವಾರ ಒಂದೇ. ಬೆಳಿಗ್ಗೆ ತಿಂಡಿಯಾಗುವಷ್ಟರಲ್ಲಿ ಮೀಟರಿನವರು ಬಂದು ಕೆಳಗಿನ ಮಹಡಿಯಲ್ಲಿ ಕೆಲಸ ಶುರು ಮಾಡಿದ್ದರು. ನಾನು ಮೆಟ್ಟಿಲಿಳಿದು, "ಭಯ್ಯಾ, ನಮ್ಮದನ್ನು ಕೊನೆಗೆ ಮಾಡಿ" ಎಂದು ಹಿಂದಿಯಲ್ಲಿ ಬೇಡಿಕೊಂಡೆ. "ಅಚ್ಛಾ ಜೀ" ಎಂದರು. ಮೀಟರು ಕೊನೆಗೆ ಬದಲಾಯಿಸಿ ಎಂದು ಕೇಳುವ ಗಿರಾಕಿಗಳು ಆ ಊರಲ್ಲಿ ಅವರಿಗೆ ಬಹಳ ಸಿಕ್ಕಿದ್ದಿರಬೇಕು. ಕಾರಣ ಕೇಳಲಿಲ್ಲ.

ಮತ್ತೆ ಎಲ್ಲವನ್ನೂ ಆರಿಸಿದೆವು. ಈ ಸಲ ಯಾರ ಮಾತನ್ನೂ ನಂಬದೆ ನಾನೇ ಕೋಣೆ ಕೋಣೆ ಸುತ್ತಿದೆ. ಸೊಳ್ಳೆ ಮಷಿನ್ನು ಕಿತ್ತೆ. ಫ್ರಿಜ್ಜಿನ ಸ್ಟೆಬಿಲೈಸರಿನ ಪಿನ್ನು ಕಿತ್ತೆ. ಮೊಬೈಲಿನ ಚಾರ್ಜರು ಕಿತ್ತೆ. ಕಿತ್ತಷ್ಟೂ ಆಶ್ಚರ್ಯವಾಗುತ್ತಿತ್ತು: ಯಾರೂ ಏನೂ ಬಳಸುತ್ತಿಲ್ಲ ಎಂದುಕೊಂಡ ಮನೆಯಲ್ಲಿ ಎಷ್ಟು ವಸ್ತುಗಳು ಮೂಲೆಗಳಲ್ಲಿ ಕೂತು ಸದ್ದಿಲ್ಲದೆ ಮೇಯುತ್ತಿರುತ್ತವೆ! ಬೆವರು ಇಳಿಯತೊಡಗಿ ಅಂಗಿ ಬಿಚ್ಚಿ ಎಸೆದು ಹೊರಗೆ ಓಡಿದೆ.

"ಬನಿಯನ್ನಲ್ಲಿ ಮೆಟ್ಟಿಲಿಗೆ ಹೋಗಬೇಡಿ ರೀ, ಜನ ಓಡಾಡ್ತಾರೆ" ಎಂದು ಸುಮಾ ಕೂಗಿದಳು.

ಚಕ್ರ ತಿರುಗುತ್ತಲೇ ಇತ್ತು.

ದೇವರ ಬಲ್ಬನ್ನೂ ಆರಿಸಲು ಹೇಳಿದೆ. ಆಗಲೂ ತಿರುಗಿತು! ಅಂದರೆ ನಮ್ಮ ಮನೆಯ ಕರೆಂಟನ್ನು ಬೇರೆ ಯಾರೋ ಎಳೆಯುತ್ತಿದ್ದಾರೆ. ತಲೆ ಬಿಸಿಯಾಯಿತು. ಮೀಟರುಗಳ ಬಗ್ಗೆ ಅಷ್ಟು ಪ್ರೀತಿ ತೋರಿಸುವ ಅರೋರಾಜಿಯ ಮುಖ ಕಣ್ಣಮುಂದೆ ಬಂತು. ಮೆಟ್ಟಿಲಿಳಿಯಲು ಹೊರಟವನನ್ನು ಸುಮಾ ರಟ್ಟೆ ಹಿಡಿದು ನಿಲ್ಲಿಸಿದಳು. "ಮೊದಲು ನಮ್ಮ ಮನೆ ನೋಡ್ಕೊಳ್ಳಿ. ಅತ್ತೆ ಎಲ್ಲಿ?"

ಅಮ್ಮ ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ಬೆಳಿಗ್ಗೆ ಸ್ನಾನವಾದ ಕೂಡಲೇ ಹಾಕಿದ್ದನ್ನು ನಾನೇ ನೋಡಿದ್ದೆ. ಕುಂಡದ ಹಿಂದೆ ಇಣುಕಿದೆ. ಹಳೆಯ ಪ್ಲಗ್ಗಿನಿಂದ ಒಂದು ಕಪ್ಪು ವೈರು ಹೊರಟು, ಗೋಡೆ ಹತ್ತಿ, ಸಜ್ಜದ ಮೇಲಿನ ತಗಡಿನ ಡಬ್ಬಿಯೊಳಗೆ ಹೋಗಿತ್ತು.

"ಅಮ್ಮಾ, ಇದೇನು?"

"ಅದಾ? ಅದು ನಮ್ಮದಲ್ಲ ಕಣೋ. ಕೇಬಲ್ಲಿನವನದು."

"ಕೇಬಲ್ಲಿನವನ ಡಬ್ಬಿ ನಮ್ಮ ಪ್ಲಗ್ಗಲ್ಲಿ ಯಾಕಿದೆ?"

"ಬೂಸ್ಟರೋ ಏನೋ ಅಂದ. ಅಮ್ಮಾಜೀ, ಬಸ್ ಏಕ್ ಪ್ಲಗ್ ಅಂತ ಕೈ ಮುಗಿದ. ಹಾಗಾದ್ರೆ ನನಗೆ ಕನ್ನಡ ಚಾನೆಲ್ ಹಾಕಿಕೊಡು ಅಂದೆ."

ಇಡೀ ಬ್ಲಾಕಿನ ಟೀವಿಗಳಿಗೆ ಬೇಕಾದ ಯಂತ್ರ ನಮ್ಮ ತುಳಸಿಯ ಹಿಂದಿನಿಂದ ಉಣ್ಣುತ್ತಿತ್ತು! ಪೀತಮ್‌ಪುರದಲ್ಲಿ ಕನ್ನಡ ಚಾನೆಲ್ ಬರುವುದು ನಮ್ಮಲ್ಲಿ ಮಾತ್ರ ಎಂದು ನಾನು ಆಫೀಸಿನಲ್ಲಿ ಕೊಚ್ಚಿಕೊಂಡಿದ್ದೆ. ಕೇಬಲ್ಲಿನವನಿಗೆ ನಾನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ ಮನವಿಯ ಪ್ರಭಾವ ಅದು ಎಂದು ನಂಬಿದ್ದೆ. ಅಮ್ಮನಿಗೆ ಬರುವ ಹಿಂದಿ ಒಂದು ಹಿಡಿ. ಆ ಒಂದು ಹಿಡಿಯಲ್ಲಿ ಅವರು ವ್ಯವಹಾರ ಮುಗಿಸಿದ್ದರು.

"ಎಲ್ಲ ಆರಿಸಿ ಅಂದಾಗ ಯಾಕೆ ಹೇಳಲಿಲ್ಲ?"

"ನೀನು ನಮ್ಮ ಮನೇದು ಆರಿಸಿ ಅಂದೆ."

ಪ್ಲಗ್ ಕಿತ್ತೆ. ಒಂದು ಕ್ಷಣ ಸುಮ್ಮನಿದ್ದ ಬ್ಲಾಕು ಮರುಕ್ಷಣ ಹುಯ್ಯಲಿಟ್ಟಿತು. ಮೇಲಿನಿಂದ ಯಾರೋ ಬಾಗಿಲು ತೆರೆದರು, ಕೆಳಗಿನಿಂದ ಅರೋರಾಜಿ "ಅರೇ, ಮ್ಯಾಚ್ ಗಯಾ! ಲಾಸ್ಟ್ ಓವರ್ ಥಾ!" ಎಂದು ಕಿರುಚಿದರು. "ಬಸ್, ಪಾಂಚ್ ಮಿನಟ್!" ಎಂದು ನಾನೂ ಕಿರುಚಿದೆ. ಮೀಟರಿನವರ ಸ್ಕ್ರೂಡ್ರೈವರಿನ ಸದ್ದು ಒಂದು ಮಹಡಿ ಮೇಲೆ ಬಂದಿತ್ತು. ಈಗ ಬಿಟ್ಟರೆ ಆಯಿತು, ಇನ್ನೆಂದೂ ಇಲ್ಲ.

"ಸುಮಾ, ದೇವರ ದೀಪ ಹಾಕು. ಉರೀತಿದೆಯಾ ನೋಡ್ತಾನೇ ಇರು. ಕಣ್ಣು ಕದಲಿಸಬೇಡ."

"ಉರೀತಿದೆ. ಈ ಸಲ ಕರೆಂಟೂ ಇದೆ" ಎಂದಳು ಒಳಗಿನಿಂದ.

ನಾನು ಮೀಟರಿನ ಕೆಳಗೆ ನಿಂತೆ. ಕಿಟಕಿಯ ಬಿಸಿಲು ಈಗ ಗಾಜಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಕೆಳಗಿನಿಂದ ನನಗೆ ತಟ್ಟೆಯೇ ಕಾಣಲಿಲ್ಲ. ಸ್ಟೂಲಿನ ಒಂದು ಕಾಲು ಕುಂಟು. ಪಕ್ಕದಲ್ಲೇ ಪುಟ್ಟಿ ನಿಂತಿದ್ದಳು. ಹಿಂದೆಮುಂದೆ ನೋಡದೆ ಅವಳನ್ನು ಎರಡೂ ಕೈಗಳಲ್ಲಿ ಎತ್ತಿ, ತುದಿಗಾಲಲ್ಲಿ ನಿಂತು, ಗಾಜಿನ ಹತ್ತಿರಕ್ಕೆ ಹಿಡಿದೆ.

"ಒಳಗೆ ತಟ್ಟೆ ಇದೆಯಲ್ಲ, ಅದರ ಮೇಲೆ ಕಪ್ಪು ಗುರುತು ಕಾಣ್ತಿದೆಯಾ?"

"ಹಾಂ."

"ಓಡ್ತಿದೆಯಾ?"

ಪುಟ್ಟಿ ಮೂಗನ್ನು ಗಾಜಿಗೆ ಒತ್ತಿ ಬಹಳ ಹೊತ್ತು ನೋಡಿದಳು. ಉಸಿರು ಬಿಟ್ಟರೆ ಚಕ್ರ ತಿರುಗೀತೇನೋ ಎಂದು ಉಸಿರನ್ನೂ ಬಿಡಲಿಲ್ಲ.

"ನಹೀಂ ಪಪ್ಪಾ. ನಿಂತಿದೆ. ಸೋ ಗಯಾ."

ಮಲಗಿಬಿಟ್ಟಿತು! ದೇವರ ದೀಪ ಉರಿಯುತ್ತಿತ್ತು, ಮೀಟರು ಮಲಗಿತ್ತು. ಅಪ್ಪ ಹೇಳಿದ್ದು ಸುಳ್ಳಾಗಬೇಕಿಲ್ಲ. ಅಣ್ಣನ ಲೆಕ್ಕದ ಮೊದಲ ಮೆಟ್ಟಿಲೇ ಬಿತ್ತು. ಗೆದ್ದೆ ಎಂದು ಕೂಗಲು ಬಾಯಿ ತೆರೆದೆ. "ನಿಂತಿದೆ, ನೋಡಿದೆಯಾ?" ಎಂದು ನನ್ನ ಬಾಯಿಂದ ತಾನಾಗಿಯೇ ಬಂತು.

ಆಗ ಕೆಳಗೆ, ನನ್ನ ಸೊಂಟದ ಎತ್ತರದಿಂದ, ನವ್ಯಾಳ ಧ್ವನಿ ಕೇಳಿಸಿತು.

"ಪಪ್ಪಾ, ಆಪ್‌ಕೀ ಬನಿಯನ್ ಫಟೀ ಹೈ. ಇಲ್ಲಿ, ಕೈ ಕೆಳಗೆ. ಔರ್ ನಿಮ್ಮ ಕಾಲು ನೋಡಿ, ಹಿಂದುಗಡೆ ಹೇಗೆ ಮೇಲೆ ಎದ್ದಿದೆ!" ಎಂದು ನಕ್ಕಳು.

ನಾನು ಪುಟ್ಟಿಯನ್ನು ಇಳಿಸಿದೆ.

ಎತ್ತಿಸಿಕೊಂಡವಳು ನೋಡಿದ್ದು ಚಕ್ರವನ್ನು. ಬನಿಯನ್ನಿನ ತೂತು ಕಂಡದ್ದು ಕೆಳಗೆ ನಿಂತವಳಿಗೆ. ಹಿಮ್ಮಡಿ ಮೇಲೆದ್ದದ್ದು ಕಂಡದ್ದೂ ಕೆಳಗೆ ನಿಂತವಳಿಗೇ. ಅಪ್ಪನ ಕೈಗಳಲ್ಲಿದ್ದ ಮಗುವಿಗೆ ಅಪ್ಪನ ಹಿಮ್ಮಡಿ ಕಾಣುವುದು ಹೇಗೆ? ಇಷ್ಟು ವರ್ಷ ಆ ನೆನಪನ್ನು ನೂರು ಸಲ ತೆಗೆದು ನೋಡಿದ್ದೇನೆ. ಪ್ರತಿ ಸಲವೂ ಬಿರುಕು ಬಿಟ್ಟ ಹಿಮ್ಮಡಿಗಳು ನನ್ನ ಕಣ್ಣೆದುರೇ ಇದ್ದವು. ಎಲ್ಲವನ್ನೂ ಸಂಶಯಿಸುವ ನಾನು ಅದೊಂದನ್ನು ಕೇಳಿಕೊಳ್ಳಲೇ ಇಲ್ಲ. ಆ ದಿನ ನಾನು ಕೆಳಗಿದ್ದೆ. ಮೇಲೆ ಇದ್ದದ್ದು ಅಣ್ಣ. ಮನೆಯಲ್ಲಿದ್ದ ಮಕ್ಕಳು ನಾವಿಬ್ಬರೇ.

"ಏನಾಯ್ತು ರೀ? ನಿಂತಿಲ್ವಾ?" ಎಂದು ಸುಮಾ ಒಳಗಿನಿಂದ ಕೇಳಿದಳು.

"ನಿಂತಿದೆ" ಎಂದೆ.

ಅಮ್ಮನ ಹತ್ತಿರ ಹೋಗಿ, "ಅಮ್ಮ, ಅಪ್ಪ ಮೀಟರ್ ತೋರಿಸೋಕೆ ಎತ್ತಿದ್ದು ಅಣ್ಣನನ್ನಾ?" ಎಂದೆ. "ಹೂಂ ಕಣೋ, ಅವನನ್ನೇ" ಎಂದರು. ಅದನ್ನು ನಾನು ಸಾಕ್ಷ್ಯವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಈ ಸಲ ಬೇಕಾಗಿಯೂ ಇರಲಿಲ್ಲ.

ಬೂಸ್ಟರಿಗೆ ಮತ್ತೆ ಪ್ಲಗ್ ಚುಚ್ಚಿದೆ. ಅರೋರಾಜಿಯ ಮನೆಯಿಂದ ನಿಟ್ಟುಸಿರೂ ಚಪ್ಪಾಳೆಯೂ ಒಟ್ಟಿಗೆ ಬಂದವು. ಮೀಟರಿನವರು ಬಂದು ಮುದಿ ಮೀಟರನ್ನು ಇಳಿಸಿ ಗೋಣಿಚೀಲಕ್ಕೆ ಹಾಕಿಕೊಂಡರು. ಅದರ ಜಾಗದಲ್ಲಿ ಚಕ್ರವೇ ಇಲ್ಲದ ಬಿಳಿ ಡಬ್ಬಿ ಬಂತು. ಅದರಲ್ಲೊಂದು ಚಿಕ್ಕ ಕೆಂಪು ದೀಪ. ಮನೆಯಲ್ಲಿ ಎಷ್ಟು ಖರ್ಚಾದರೆ ಅಷ್ಟು ಬೇಗ ಬೇಗ ಮಿಣುಕುತ್ತದೆ. ಆಮೇಲೊಂದು ದಿನ ಪರೀಕ್ಷಿಸಿ ನೋಡಿದೆ. ಜೀರೋ ಬಲ್ಬೊಂದನ್ನೇ ಉಳಿಸಿದರೂ, ತುಸು ಹೊತ್ತು ಕಾದರೆ, ಒಂದು ಸಲ ಮಿಣುಕಿ ಕಣ್ಣು ಮಿಟುಕಿಸುತ್ತದೆ. "ಈಗ ದೇವರದೂ ಬರ್ಕೋತಾರಾ?" ಎಂದು ಅಮ್ಮ ಕೇಳಿದರು. ಬರೆದುಕೊಳ್ಳಲಿ. ಅಪ್ಪ ಕೊಟ್ಟ ರಿಯಾಯಿತಿಯನ್ನು ನಾನು ರದ್ದು ಮಾಡಲಿಲ್ಲ. ಗೀಸರಿನ ಅರ್ಧ ಗಂಟೆಯನ್ನು ಮಾತ್ರ ಕಾಲು ಗಂಟೆಗೆ ಇಳಿಸಿದ್ದೇನೆ.

ಆ ಶನಿವಾರ ಮಧ್ಯಾಹ್ನ ಊಟ ಸೇರಲಿಲ್ಲ. ಅಪ್ಪನ ಕೈಯ ನೆನಪು ಇದ್ದದ್ದೇ ಒಂದು, ಅದೂ ನನ್ನದಲ್ಲ ಎಂದು ಗೊತ್ತಾಯಿತು. ಯಾರಿಗೂ ಹೇಳದೆ ಇಟ್ಟುಕೊಳ್ಳಬಹುದಿತ್ತು. ಚಕ್ರ ನಿಂತಿತು ಎಂದಷ್ಟೇ ಅಣ್ಣನಿಗೆ ಹೇಳಿದ್ದರೆ ಅವನೇ ಸೋಲು ಒಪ್ಪಿಕೊಳ್ಳುತ್ತಿದ್ದ. ಆದರೆ ಪ್ರಯೋಗ ಮಾಡಿದವನು ತನಗೆ ಬೇಕಾದ ಅರ್ಧ ಫಲಿತಾಂಶ ಹೇಳಿ ಉಳಿದದ್ದನ್ನು ನುಂಗುವಂತಿಲ್ಲ. ಕೈ ತೊಳೆದು ಬಂದು ಫೋನೆತ್ತಿದೆ.

"ಅಣ್ಣಾ, ಮೀಟರಿನ ವಿಷಯ."

"ಇನ್ನೂ ಬಿಟ್ಟಿಲ್ಲವೇನೋ ಅದನ್ನ?"

"ಅಪ್ಪ ಎತ್ತಿದ್ದು ನನ್ನನ್ನಲ್ಲ. ನೀನು ಹೇಳಿದ್ದು ಸರಿ."

"ಹೇಳಲಿಲ್ಲವಾ ನಾನು?"

"ನಿನ್ನನ್ನ."

ನಾನು ಬನಿಯನ್ನಿನ ತೂತು, ಬಿಚ್ಚಿಕೊಂಡ ದಾರ, ನೆಲ ಬಿಟ್ಟೆದ್ದ ಹಿಮ್ಮಡಿ ಎಲ್ಲವನ್ನೂ ಹೇಳಿದೆ. ಕೆಳಗೆ ನಿಂತವನಿಗೆ ಮಾತ್ರ ಕಾಣುವಂಥವು ಅವು ಎಂದೆ. ಲೆಕ್ಕದ ಮೇಷ್ಟರಿಗೆ ಹಂತ ಹಂತವಾಗಿ ಹೇಳಿದರೆ ಅರ್ಥವಾಗುತ್ತದೆ. ಅವನು ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ.

ಕೊನೆಗೆ, "ಚಕ್ರ ನಿಂತಿತ್ತಾ?" ಎಂದ.

"ಇಲ್ಲಿಯದು ನಿಂತಿತು."

"ಅಲ್ಲಿಯದು?"

"ಅದನ್ನ ನೋಡಿದವನು ನೀನು. ನೀನೇ ಹೇಳಬೇಕು."

"ನನಗೆ ಏನೂ ನೆನಪಿಲ್ಲ ಕಣೋ" ಎಂದು ಫೋನಿಟ್ಟ.

ಮರುವಾರ ಅವನಾಗಿಯೇ ಫೋನು ಮಾಡಿದ. ಹವಾಮಾನ, ಅಮ್ಮನ ಮಂಡಿ ನೋವು, ಮಕ್ಕಳ ಶಾಲೆ ಎಲ್ಲ ಆಯಿತು. ಇಡುವ ಮೊದಲು ಗಂಟಲು ಸರಿಮಾಡಿಕೊಂಡ.

"ಬೆಳ್ಳಿ ಬಣ್ಣದ್ದು ಕಣೋ ಅದು. ತೆಳ್ಳಗೆ, ತಟ್ಟೆ ಹಾಗೆ. ಅಂಚಲ್ಲಿ ಒಂದು ಕಪ್ಪು ಗುರುತಿತ್ತು. ನಿಂತಿತ್ತು."

ಎಲ್ಲ ಮೀಟರುಗಳ ಚಕ್ರವೂ ಬೆಳ್ಳಿ ಬಣ್ಣದ್ದೇ. ಎಲ್ಲದರ ಅಂಚಿನಲ್ಲೂ ಒಂದು ಗುರುತು ಇರುತ್ತದೆ. ಅದನ್ನು ನಾನು ಅಣ್ಣನಿಗೆ ಹೇಳಲಿಲ್ಲ.

"ಹೌದಾ ಅಣ್ಣ? ಇನ್ನೇನು ಕಾಣಿಸಿತ್ತು, ಹೇಳು" ಎಂದೆ.